ಹಾಸನ ಜಿಲ್ಲೆಯ ವಿಧಾನಸಭಾ ಚುನಾವಣೆಗಳು ಮತ್ತು ಏಕಪಕ್ಷ ಪ್ರಾಬಲ್ಯ

ಏಕಪಕ್ಷ ಪ್ರಾಬಲ್ಯ ಎಂದರೆ ಹಲವು ಪಕ್ಷಗಳು ಮುಕ್ತವಾಗಿ ಸ್ಪರ್ಧಿಸುವ ಚುನಾವಣೆಗಳಲ್ಲಿಯೂ ಒಂದೇ ಪಕ್ಷ ದೀರ್ಘಕಾಲ ಹೆಚ್ಚಿನ ಸ್ಥಾನಗಳನ್ನು ಗೆಲ್ಲುತ್ತ ಬರುವ ಸ್ಥಿತಿ. ಬೇರೆ ಪಕ್ಷಗಳಿಗೆ ಅವಕಾಶವೇ ಇಲ್ಲದ ಏಕಪಕ್ಷ ಆಡಳಿತಕ್ಕಿಂತ ಇದು ಭಿನ್ನ. ಇಲ್ಲಿ ವಿರೋಧ ಪಕ್ಷ ಇರುತ್ತದೆ, ಮತವನ್ನೂ ಪಡೆಯುತ್ತದೆ, ಆದರೆ ಗೆಲುವು ಅದಕ್ಕೆ ಅಪರೂಪ. ಕರ್ನಾಟಕದಲ್ಲಿ ಇದರ ಸ್ಪಷ್ಟ ಉದಾಹರಣೆ ಹಾಸನ ಜಿಲ್ಲೆ. ಇಲ್ಲಿ ಮೊದಲು ಕಾಂಗ್ರೆಸ್, ಬಳಿಕ ಜನತಾ ಪರಿವಾರ (ಜನತಾ ಪಕ್ಷ ಮತ್ತು ಅದರಿಂದ ಬೆಳೆದ ಜನತಾದಳ), 2004ರಿಂದ ಜಾತ್ಯತೀತ ಜನತಾದಳ (ಜೆಡಿಎಸ್) ಮೇಲುಗೈ ಪಡೆದಿವೆ. ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣದ ಫಲಿತಾಂಶಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಒಂದೇ ಪಕ್ಷದ ಮೇಲುಗೈಗೆ ನಾಲ್ಕು ಕಡೆ ನಾಲ್ಕು ಬೇರೆ ಕಾರಣಗಳಿರುವುದು ಕಾಣುತ್ತದೆ.

ಕ್ಷೇತ್ರ ರಚನೆ

ಜಿಲ್ಲೆಯಲ್ಲಿ ಈಗ ಏಳು ವಿಧಾನಸಭಾ ಕ್ಷೇತ್ರಗಳಿವೆ: ಶ್ರವಣಬೆಳಗೊಳ, ಅರಸೀಕೆರೆ, ಬೇಲೂರು, ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಸಕಲೇಶಪುರ. 2008ಕ್ಕೆ ಮೊದಲು ಎಂಟು ಇದ್ದವು. ಕ್ಷೇತ್ರ ಮರುವಿಂಗಡಣೆಯಲ್ಲಿ ಗಂಡಸಿ ಕ್ಷೇತ್ರ ರದ್ದಾಯಿತು. ಪರಿಶಿಷ್ಟ ಜಾತಿಯ ಮೀಸಲು ಬೇಲೂರಿನಿಂದ ಸಕಲೇಶಪುರಕ್ಕೆ ಬಂತು. ಹಾಸನ ಲೋಕಸಭಾ ಕ್ಷೇತ್ರವು ಈ ಏಳರ ಜೊತೆಗೆ ಚಿಕ್ಕಮಗಳೂರು ಜಿಲ್ಲೆಯ ಕಡೂರನ್ನು ಒಳಗೊಂಡಿದೆ.

ತಾಲ್ಲೂಕಿನ ಗಡಿಯೂ ಕ್ಷೇತ್ರದ ಗಡಿಯೂ ಒಂದೇ ಅಲ್ಲ. ಚನ್ನರಾಯಪಟ್ಟಣದ ಹೆಸರಿನಲ್ಲಿ ಕ್ಷೇತ್ರವಿಲ್ಲ. ಆ ಪಟ್ಟಣ ಮತ್ತು ತಾಲ್ಲೂಕಿನ ಬಹುಭಾಗ ಶ್ರವಣಬೆಳಗೊಳ ಕ್ಷೇತ್ರದಲ್ಲಿವೆ. ಅದೇ ತಾಲ್ಲೂಕಿನ ದಂಡಿಗನಹಳ್ಳಿ ಹೋಬಳಿ ಮತ್ತು ಹಾಸನ ತಾಲ್ಲೂಕಿನ ಶಾಂತಿಗ್ರಾಮ ಹೋಬಳಿ ಹೊಳೆನರಸೀಪುರ ಕ್ಷೇತ್ರಕ್ಕೆ ಸೇರಿವೆ. ಹಾಸನ ಕ್ಷೇತ್ರದಲ್ಲಿ ನಗರದ ಮತದಾರರ ಪಾಲು ಹೆಚ್ಚು. ಉಳಿದ ಮೂರು ಬಹುಮಟ್ಟಿಗೆ ಗ್ರಾಮೀಣ ಕ್ಷೇತ್ರಗಳು.

ಕಾಂಗ್ರೆಸ್ ಕಾಲ

ಮೈಸೂರು ಸಂಸ್ಥಾನದಲ್ಲಿ 1881ರಲ್ಲಿ ಪ್ರಜಾಪ್ರತಿನಿಧಿ ಸಭೆಯೂ 1907ರಲ್ಲಿ ನ್ಯಾಯವಿಧಾಯಕ ಸಭೆಯೂ ಆರಂಭವಾಗಿದ್ದವು. ವಯಸ್ಕರೆಲ್ಲರಿಗೂ ಮತದ ಹಕ್ಕು ದೊರೆತ ಮೊದಲ ಚುನಾವಣೆ ನಡೆದದ್ದು 1951–52ರಲ್ಲಿ. ಆಗ ಮೈಸೂರು ವಿಧಾನಸಭೆಯ 99 ಸ್ಥಾನಗಳಲ್ಲಿ ಕಾಂಗ್ರೆಸ್ 74 ಗೆದ್ದಿತು. ಏಕೀಕರಣದ ಬಳಿಕ 1957ರಲ್ಲಿ 208ರಲ್ಲಿ 150, 1962ರಲ್ಲಿ 208ರಲ್ಲಿ 138 ಸ್ಥಾನಗಳು ಅದಕ್ಕೆ ಬಂದವು. ರಾಜಕೀಯಶಾಸ್ತ್ರಜ್ಞ ರಜನಿ ಕೊಠಾರಿ 1964ರಲ್ಲಿ ‘ಕಾಂಗ್ರೆಸ್ ವ್ಯವಸ್ಥೆ’ ಎಂದು ಹೆಸರಿಸಿದ್ದು ದೇಶದಾದ್ಯಂತ ಇದ್ದ ಇಂಥ ಸ್ಥಿತಿಯನ್ನೇ: ನಿಜವಾದ ಪೈಪೋಟಿ ನಡೆಯುತ್ತಿದ್ದುದು ಪಕ್ಷಗಳ ನಡುವೆ ಎನ್ನುವುದಕ್ಕಿಂತ ಕಾಂಗ್ರೆಸ್ಸಿನೊಳಗಿನ ಬಣಗಳ ನಡುವೆ. ಟಿಕೆಟ್ ಸಿಗದವರು ಪಕ್ಷೇತರರಾಗಿ ನಿಲ್ಲುವುದು, ಗೆದ್ದರೆ ಮರಳಿ ಪಕ್ಷ ಸೇರುವುದು ಆಗ ಸಾಮಾನ್ಯವಾಗಿತ್ತು.

ಹಾಸನ ಲೋಕಸಭಾ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಎಚ್. ಸಿದ್ದನಂಜಪ್ಪ 1952, 1957 ಮತ್ತು 1962ರಲ್ಲಿ ಸತತವಾಗಿ ಗೆದ್ದರು. ಈ ಸರಣಿ ಮುರಿದದ್ದು 1967ರಲ್ಲಿ. ಸ್ವತಂತ್ರ ಪಕ್ಷದ ಎನ್. ಶಿವಪ್ಪ ಆರಿಸಿಬಂದರು. ಅದೇ ಶಿವಪ್ಪ 1971ರಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿ ಗೆದ್ದರು. ವ್ಯಕ್ತಿ ಉಳಿದು ಪಕ್ಷ ಬದಲಾಗುವ ಈ ಕ್ರಮ ಜಿಲ್ಲೆಯಲ್ಲಿ ಮುಂದೆಯೂ ಮತ್ತೆ ಮತ್ತೆ ಕಾಣಿಸುತ್ತದೆ.

ಜನತಾ ನೆಲೆಯ ಹುಟ್ಟು

ಕಾಂಗ್ರೆಸ್ ಪ್ರಾಬಲ್ಯಕ್ಕೆ ಗಟ್ಟಿಯಾದ ತಡೆ ಹುಟ್ಟಿದ್ದು ಹೊಳೆನರಸೀಪುರದಲ್ಲಿ. ತಾಲ್ಲೂಕಿನ ಹರದನಹಳ್ಳಿಯವರಾದ ಎಚ್.ಡಿ. ದೇವೇಗೌಡ (ಜನನ 18 ಮೇ 1933) ಸಿವಿಲ್ ಎಂಜಿನಿಯರಿಂಗ್ ಡಿಪ್ಲೊಮಾ ಪಡೆದು, 1953ರಲ್ಲಿ ಕಾಂಗ್ರೆಸ್ ಸೇರಿ, ಸಹಕಾರ ಸಂಘ ಮತ್ತು ತಾಲ್ಲೂಕು ಅಭಿವೃದ್ಧಿ ಮಂಡಳಿಯ ಮೂಲಕ ಮೇಲೆ ಬಂದವರು. 1962ರಲ್ಲಿ ಕಾಂಗ್ರೆಸ್ಸಿನ ಎದುರು ಪಕ್ಷೇತರರಾಗಿ ನಿಂತು ಗೆದ್ದರು. 1967ರಲ್ಲಿ ಮತ್ತೆ ಪಕ್ಷೇತರ, 1972ರಲ್ಲಿ ಸಂಸ್ಥಾ ಕಾಂಗ್ರೆಸ್, 1978, 1983 ಮತ್ತು 1985ರಲ್ಲಿ ಜನತಾ ಪಕ್ಷ; ಹೀಗೆ ಆರು ಚುನಾವಣೆಗಳಲ್ಲಿ ಒಂದೇ ಕ್ಷೇತ್ರ ಅವರನ್ನು ಆರಿಸಿತು. ಪಕ್ಷದ ಹೆಸರೂ ಚಿಹ್ನೆಯೂ ಬದಲಾದರೂ ಊರೂರಿನ ಬೆಂಬಲಿಗರು ಬದಲಾಗಲಿಲ್ಲ. ಹೊಳೆನರಸೀಪುರದ ಪ್ರಾಬಲ್ಯ ಪಕ್ಷಕ್ಕಿಂತ ಹಿಂದಿನದು ಎನ್ನಲು ಇದೇ ಆಧಾರ.

1972ರಲ್ಲಿ ದೇವರಾಜ ಅರಸು ನೇತೃತ್ವದ ಕಾಂಗ್ರೆಸ್ 165 ಸ್ಥಾನ ಗೆದ್ದಾಗ ದೇವೇಗೌಡ ವಿರೋಧ ಪಕ್ಷದ ನಾಯಕರಾದರು. ತುರ್ತುಪರಿಸ್ಥಿತಿಯಲ್ಲಿ ಸೆರೆವಾಸ ಅನುಭವಿಸಿದರು. ತುರ್ತುಪರಿಸ್ಥಿತಿಯ ಬಳಿಕ 1977ರ ಲೋಕಸಭಾ ಚುನಾವಣೆಯಲ್ಲಿ ಉತ್ತರ ಭಾರತ ಜನತಾ ಪಕ್ಷದತ್ತ ವಾಲಿದರೂ ಕರ್ನಾಟಕದ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೇ ಹೋದವು. ಜನತಾ ಪಕ್ಷಕ್ಕೆ ಬಂದ ಎರಡರಲ್ಲಿ ಒಂದು ಬೆಂಗಳೂರು ದಕ್ಷಿಣ, ಇನ್ನೊಂದು ಹಾಸನ. ಇಲ್ಲಿ ಗೆದ್ದವರು ಎಸ್. ನಂಜೇಶಗೌಡ. ಜಿಲ್ಲೆ ರಾಜ್ಯದ ಒಲವಿಗೆ ಎದುರಾಗಿ ನಿಂತ ಮೊದಲ ದೊಡ್ಡ ಸಂದರ್ಭ ಇದು.

ಆದರೆ ಆಗಿನ ಹಾಸನವನ್ನು ಜನತಾ ಕೋಟೆ ಎಂದು ಕರೆಯುವುದು ಸರಿಯಾಗದು. 1980 ಮತ್ತು 1984ರಲ್ಲಿ ಲೋಕಸಭಾ ಸ್ಥಾನ ಕಾಂಗ್ರೆಸ್ಸಿನ ಎಚ್.ಎನ್. ನಂಜೇಗೌಡರಿಗೆ, 1989ರಲ್ಲಿ ಅದೇ ಪಕ್ಷದ ಎಚ್.ಸಿ. ಶ್ರೀಕಂಠಯ್ಯನವರಿಗೆ ದಕ್ಕಿತು. 1989ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ 178 ಸ್ಥಾನ ಗೆದ್ದು ಜನತಾ ಪರಿವಾರ ಒಡೆದು ನಿಂತಾಗ ದೇವೇಗೌಡರೇ ಹೊಳೆನರಸೀಪುರದಲ್ಲಿ ಕಾಂಗ್ರೆಸ್ಸಿನ ಜಿ. ಪುಟ್ಟಸ್ವಾಮಿಗೌಡರಿಗೆ ಸೋತರು. ಈ ಎರಡು ಮನೆತನಗಳ ಪೈಪೋಟಿ ಅಲ್ಲಿಂದ ಮೂರನೆಯ ತಲೆಮಾರಿನವರೆಗೆ ಮುಂದುವರಿದಿದೆ.

ದೇವೇಗೌಡ 1991ರಲ್ಲಿ ಹಾಸನದಿಂದ ಲೋಕಸಭೆಗೆ ಹೋದರು. 1994ರ ವಿಧಾನಸಭಾ ಚುನಾವಣೆಯಲ್ಲಿ ಅವರು ನಿಂತದ್ದು ರಾಮನಗರದಲ್ಲಿ. ಹೊಳೆನರಸೀಪುರ ಮಗ ಎಚ್.ಡಿ. ರೇವಣ್ಣನವರಿಗೆ ಬಂತು. ಜನತಾದಳ 115 ಸ್ಥಾನ ಗೆದ್ದು ದೇವೇಗೌಡ ಮುಖ್ಯಮಂತ್ರಿಯಾದರು. 1996ರ ಜೂನ್ 1ರಿಂದ 1997ರ ಏಪ್ರಿಲ್ 21ರವರೆಗೆ ಪ್ರಧಾನಿಯಾಗಿದ್ದರು. 1996ರ ಲೋಕಸಭಾ ಚುನಾವಣೆಯಲ್ಲಿ ಹಾಸನದಿಂದ ಜನತಾದಳದ ವೈ.ಎನ್. ರುದ್ರೇಶಗೌಡ, 1998ರಲ್ಲಿ ಮತ್ತೆ ದೇವೇಗೌಡ ಆಯ್ಕೆಯಾದರು.

ಜೆಡಿಎಸ್ ಕಾಲ

1999ರಲ್ಲಿ ಜನತಾದಳ ಇಬ್ಭಾಗವಾಗಿ ದೇವೇಗೌಡರ ನೇತೃತ್ವದಲ್ಲಿ ಜೆಡಿಎಸ್ ಹುಟ್ಟಿತು. ಅದು ಎದುರಿಸಿದ ಮೊದಲ ಚುನಾವಣೆಯೇ ಸೋಲಿನದು: ರಾಜ್ಯದಲ್ಲಿ ಸಿಕ್ಕಿದ್ದು 10 ಸ್ಥಾನ. ಲೋಕಸಭೆಗೆ ದೇವೇಗೌಡ ಪುಟ್ಟಸ್ವಾಮಿಗೌಡರ ಎದುರು ಸೋತರು. ಹೊಳೆನರಸೀಪುರದಲ್ಲಿ ರೇವಣ್ಣ ಕಾಂಗ್ರೆಸ್ಸಿನ ಎ. ದೊಡ್ಡೇಗೌಡರ ಎದುರು ಸೋತರು. ಶ್ರವಣಬೆಳಗೊಳವನ್ನು ಕಾಂಗ್ರೆಸ್ಸಿನ ಶ್ರೀಕಂಠಯ್ಯ ಗೆದ್ದು ಎಸ್.ಎಂ. ಕೃಷ್ಣ ಸಂಪುಟದಲ್ಲಿ ಕಂದಾಯ ಸಚಿವರಾದರು. ಹಾಸನದಲ್ಲಿ ಕೆ.ಎಚ್. ಹನುಮೇಗೌಡ, ಅರಕಲಗೂಡಿನಲ್ಲಿ ಎ. ಮಂಜು, ಇಬ್ಬರೂ ಬಿಜೆಪಿಯಿಂದ ಗೆದ್ದರು. ಈ ನಾಲ್ಕು ಕ್ಷೇತ್ರಗಳಲ್ಲಿ ಹೊಸ ಪಕ್ಷಕ್ಕೆ ಒಂದೂ ದಕ್ಕಲಿಲ್ಲ.

ಐದೇ ವರ್ಷಗಳಲ್ಲಿ ಲೆಕ್ಕ ತಿರುಗಿಬಿತ್ತು. 2004ರಲ್ಲಿ ನಾಲ್ಕೂ ಜೆಡಿಎಸ್ ಪಾಲಾದವು: ಹೊಳೆನರಸೀಪುರದಲ್ಲಿ ರೇವಣ್ಣ, ಶ್ರವಣಬೆಳಗೊಳದಲ್ಲಿ ಸಿ.ಎಸ್. ಪುಟ್ಟೇಗೌಡ, ಹಾಸನದಲ್ಲಿ ಎಚ್.ಎಸ್. ಪ್ರಕಾಶ್, ಅರಕಲಗೂಡಿನಲ್ಲಿ ಎ.ಟಿ. ರಾಮಸ್ವಾಮಿ. ಪಕ್ಷ ರಾಜ್ಯದಲ್ಲಿ 58 ಸ್ಥಾನ ಪಡೆದು ಅಧಿಕಾರ ಹಂಚಿಕೊಂಡಿತು. ಅನಂತರ ರಾಜ್ಯಮಟ್ಟದಲ್ಲಿ ಅದರ ಬಲ ಏರಿಳಿದು ಕೊನೆಗೆ ಕುಗ್ಗಿತು: 2008ರಲ್ಲಿ 28, 2013ರಲ್ಲಿ 40, 2018ರಲ್ಲಿ 37, 2023ರಲ್ಲಿ 19. ಹಾಸನ ಜಿಲ್ಲೆಯಲ್ಲಿ ಮಾತ್ರ ಏಳರಲ್ಲಿ 2008 ಮತ್ತು 2013ರಲ್ಲಿ ಐದೈದು, 2018ರಲ್ಲಿ ಆರು ಸ್ಥಾನ ಅದಕ್ಕೇ ಬಂದವು. ಲೋಕಸಭೆಗೆ 2004, 2009 ಮತ್ತು 2014ರಲ್ಲಿ ದೇವೇಗೌಡ ಗೆದ್ದರು. 2014ರಲ್ಲಿ ಕಾಂಗ್ರೆಸ್ಸಿನ ಎ. ಮಂಜು ವಿರುದ್ಧ ಅಂತರ ಒಂದು ಲಕ್ಷ ದಾಟಿತ್ತು. 2019ರಲ್ಲಿ ಸ್ಥಾನವನ್ನು ಮೊಮ್ಮಗ ಪ್ರಜ್ವಲ್ ರೇವಣ್ಣನಿಗೆ ಬಿಟ್ಟುಕೊಟ್ಟು ದೇವೇಗೌಡ ತುಮಕೂರಿನಲ್ಲಿ ನಿಂತು ಸೋತರು. ಹಾಸನದಲ್ಲಿ ಪ್ರಜ್ವಲ್ ಗೆದ್ದರು. ಎದುರಾಳಿ ಮತ್ತೆ ಎ. ಮಂಜು, ಈ ಸಲ ಬಿಜೆಪಿಯಿಂದ.

2023ರ ವಿಧಾನಸಭಾ ಚುನಾವಣೆಯಲ್ಲಿ ಜಿಲ್ಲೆಯ ಅಂಚಿನ ಮೂರು ಕ್ಷೇತ್ರಗಳು ಜೆಡಿಎಸ್‌ನ ಕೈತಪ್ಪಿದವು. ಬೇಲೂರು ಮತ್ತು ಸಕಲೇಶಪುರ ಬಿಜೆಪಿಗೆ ಹೋದವು. ಅರಸೀಕೆರೆಯಲ್ಲಿ ಮೂರು ಬಾರಿ ಜೆಡಿಎಸ್ ಶಾಸಕರಾಗಿದ್ದ ಕೆ.ಎಂ. ಶಿವಲಿಂಗೇಗೌಡ ಕಾಂಗ್ರೆಸ್ ಸೇರಿ ಗೆದ್ದರು. ಪಕ್ಷಕ್ಕೆ ಉಳಿದದ್ದು ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಶ್ರವಣಬೆಳಗೊಳ.

ಪ್ರಾಬಲ್ಯದ ಬಗೆಗಳು

ಹೊಳೆನರಸೀಪುರದಲ್ಲಿರುವುದು ಕುಟುಂಬ ಪ್ರಾಬಲ್ಯ. 1962ರಿಂದ 2023ರವರೆಗಿನ ಚುನಾವಣೆಗಳಲ್ಲಿ 1989 ಮತ್ತು 1999 ಬಿಟ್ಟರೆ ಉಳಿದೆಲ್ಲವನ್ನೂ ತಂದೆ ಅಥವಾ ಮಗ ಗೆದ್ದಿದ್ದಾರೆ.  ಎದುರಾಳಿಗಳೂ ಹೆಚ್ಚಾಗಿ ಒಂದೇ ಮನೆತನದಿಂದ ಬಂದವರು: 2008 ಮತ್ತು 2013ರಲ್ಲಿ ಪುಟ್ಟಸ್ವಾಮಿಗೌಡರ ಸೊಸೆ ಎಸ್.ಜಿ. ಅನುಪಮಾ, 2023ರಲ್ಲಿ ಮೊಮ್ಮಗ ಶ್ರೇಯಸ್ ಪಟೇಲ್. 2018ರಲ್ಲಿ 40 ಸಾವಿರ ಮೀರಿದ್ದ ರೇವಣ್ಣನವರ ಅಂತರ 2023ರಲ್ಲಿ 3,152ಕ್ಕೆ ಇಳಿಯಿತು. ಅವರಿಗೆ ಬಿದ್ದ ಮತ 88,103. ಶ್ರೇಯಸ್ ಅವರಿಗೆ 84,951.

ಶ್ರವಣಬೆಳಗೊಳದ್ದು ನಿಜವಾದ ಅರ್ಥದಲ್ಲಿ ಪಕ್ಷ ಪ್ರಾಬಲ್ಯ. 2004 ಮತ್ತು 2008ರಲ್ಲಿ ಜೆಡಿಎಸ್‌ನಿಂದ ಗೆದ್ದ ಪುಟ್ಟೇಗೌಡ 2013ರಲ್ಲಿ ಕಾಂಗ್ರೆಸ್ಸಿನಿಂದ ನಿಂತಾಗ ಸೋತರು. ಅವರ ಜಾಗಕ್ಕೆ ಬಂದ ಸಿ.ಎನ್. ಬಾಲಕೃಷ್ಣ 2013, 2018, 2023 ಮೂರೂ ಸಲ ಗೆದ್ದರು. ಶಾಸಕ ಪಕ್ಷ ಬಿಟ್ಟರೂ ಮತ ಪಕ್ಷದಲ್ಲಿಯೇ ಉಳಿಯಿತು.

ಅರಕಲಗೂಡು ಇದಕ್ಕೆ ತದ್ವಿರುದ್ಧ. ಎ. ಮಂಜು 1999ರಲ್ಲಿ ಬಿಜೆಪಿಯಿಂದ, 2008 ಮತ್ತು 2013ರಲ್ಲಿ ಕಾಂಗ್ರೆಸ್ಸಿನಿಂದ, 2023ರಲ್ಲಿ ಜೆಡಿಎಸ್‌ನಿಂದ ಗೆದ್ದಿದ್ದಾರೆ. ನಡುವೆ ಸಿದ್ದರಾಮಯ್ಯ ಸರಕಾರದಲ್ಲಿ ಸಚಿವರೂ ಆಗಿದ್ದರು. 2004 ಮತ್ತು 2018ರಲ್ಲಿ ಜೆಡಿಎಸ್‌ನಿಂದ ಗೆದ್ದಿದ್ದವರು ಎ.ಟಿ. ರಾಮಸ್ವಾಮಿ. ಬೆಂಗಳೂರು ಸುತ್ತಲಿನ ಸರಕಾರಿ ಜಮೀನಿನ ಒತ್ತುವರಿ ಕುರಿತ ಸದನ ಸಮಿತಿಯ ಅಧ್ಯಕ್ಷರಾಗಿ ರಾಜ್ಯದಲ್ಲೆಲ್ಲ ಪರಿಚಿತರಾದ ಅವರು 2023ರ ಚುನಾವಣೆಯ ಹೊತ್ತಿಗೆ ಪಕ್ಷ ಬಿಟ್ಟು ಬಿಜೆಪಿ ಸೇರಿದರು. ಎರಡು ದಶಕದಲ್ಲಿ ಇಲ್ಲಿ ಜೆಡಿಎಸ್ ಗೆಲುವು ಮೂರೇ ಸಲ. ಇದನ್ನು ಜೆಡಿಎಸ್ ಕೋಟೆ ಎನ್ನುವುದಕ್ಕಿಂತ ಇಬ್ಬರು ನಾಯಕರ ಕಣ ಎನ್ನುವುದೇ ಸರಿ.

ಹಾಸನ ನಗರ ಕ್ಷೇತ್ರ ಓಲಾಡುವ ಕ್ಷೇತ್ರ. ಎಚ್.ಎಸ್. ಪ್ರಕಾಶ್ 2004ರಿಂದ ಮೂರು ಬಾರಿ ಸತತವಾಗಿ ಗೆದ್ದರೂ, ಜೆಡಿಎಸ್ ಜಿಲ್ಲೆಯ ಉಳಿದ ಆರನ್ನೂ ಗೆದ್ದ 2018ರಲ್ಲಿಯೇ ಇಲ್ಲಿ ಬಿಜೆಪಿಯ ಪ್ರೀತಂ ಜೆ. ಗೌಡರ ಎದುರು ಸೋತರು. 2023ರಲ್ಲಿ ಟಿಕೆಟ್‌ಗಾಗಿ ರೇವಣ್ಣನವರ ಪತ್ನಿ ಭವಾನಿ ರೇವಣ್ಣ ಮತ್ತು ದಿವಂಗತ ಪ್ರಕಾಶ್ ಅವರ ಮಗ ಸ್ವರೂಪ್ ಪ್ರಕಾಶ್ ನಡುವೆ ತಿಂಗಳುಗಟ್ಟಲೆ ಜಗ್ಗಾಟ ನಡೆಯಿತು. ಬಿ-ಫಾರಂ ಸ್ವರೂಪ್ ಅವರಿಗೆ ಸಿಕ್ಕಿತು. ಅವರು ಪ್ರೀತಂ ಗೌಡರನ್ನು ಎಂಟು ಸಾವಿರಕ್ಕಿಂತ ಕಡಿಮೆ ಅಂತರದಲ್ಲಿ ಸೋಲಿಸಿದರು.

ಆಧಾರಗಳು

ಪ್ರಾಬಲ್ಯದ ಆಧಾರಗಳಲ್ಲಿ ನೀರಾವರಿ ಮುಖ್ಯ. ಗೊರೂರಿನಲ್ಲಿ 1979ರಲ್ಲಿ ಪೂರ್ಣಗೊಂಡ ಹೇಮಾವತಿ ಜಲಾಶಯದ ಸಂಗ್ರಹ ಸಾಮರ್ಥ್ಯ ಸುಮಾರು 37 ಟಿಎಂಸಿ. ದೇವೇಗೌಡ ರಾಮಕೃಷ್ಣ ಹೆಗಡೆ ಸಂಪುಟದಲ್ಲಿ ಲೋಕೋಪಯೋಗಿ ಮತ್ತು ನೀರಾವರಿ ಸಚಿವರಾಗಿದ್ದರು. ಕಾವೇರಿ ಕೊಳ್ಳದ ನೀರಿನ ಪ್ರಶ್ನೆ ಅವರ ರಾಜಕಾರಣದ ಕೇಂದ್ರದಲ್ಲಿತ್ತು. ಕಾಂಗ್ರೆಸ್ಸಿನ ಎಚ್.ಎನ್. ನಂಜೇಗೌಡ ಕೂಡ ನೀರಾವರಿ ತಜ್ಞರೆಂದೇ ಹೆಸರಾದವರು. ಇಲ್ಲಿನ ಎರಡೂ ಪಕ್ಷಗಳು ಬೆಳೆಸಿದ ನಾಯಕರು ನಾಲೆಯ ಲೆಕ್ಕ ಬಲ್ಲವರೇ. ಹೇಮಾವತಿ ನಾಲೆ ಬಾಗೂರು–ನವಿಲೆ ಸುರಂಗದ ಮೂಲಕ ಚನ್ನರಾಯಪಟ್ಟಣ ತಾಲ್ಲೂಕನ್ನು ಹಾದು ತುಮಕೂರು ಕಡೆಗೆ ಹೋಗುತ್ತದೆ. ನೀರು ತಮ್ಮ ನೆಲದಡಿಯಲ್ಲೇ ಹರಿದುಹೋಗುವುದನ್ನು ನೋಡುವ ಊರುಗಳಲ್ಲಿ ಕೆರೆ ತುಂಬಿಸುವ ಮತ್ತು ಏತ ನೀರಾವರಿಯ ಭರವಸೆ ಪ್ರತಿ ಚುನಾವಣೆಯ ವಿಷಯ.

ಎರಡನೆಯ ಆಧಾರ ಸಹಕಾರ ಕ್ಷೇತ್ರ. ಹಾಸನ ಹಾಲು ಒಕ್ಕೂಟದ ಅಧ್ಯಕ್ಷಸ್ಥಾನವನ್ನು ರೇವಣ್ಣ ದೀರ್ಘಕಾಲ ವಹಿಸಿದ್ದಾರೆ. ಕರ್ನಾಟಕ ಹಾಲು ಮಹಾಮಂಡಳದ ಅಧ್ಯಕ್ಷರೂ ಆಗಿದ್ದರು. ಹಳ್ಳಿಯ ಡೇರಿ ದಿನಕ್ಕೆರಡು ಸಲ ರೈತಕುಟುಂಬಗಳು ಸೇರುವ ಜಾಗ. ಅದರ ಆಡಳಿತ ಮಂಡಳಿಯವರೇ ಬಹಳ ಕಡೆ ಬೂತಿನ ಹೊಣೆ ಹೊರುತ್ತಾರೆ. ಪ್ರಾಥಮಿಕ ಕೃಷಿ ಪತ್ತಿನ ಸಂಘ, ಜಿಲ್ಲಾ ಸಹಕಾರ ಕೇಂದ್ರ ಬ್ಯಾಂಕ್, ಚನ್ನರಾಯಪಟ್ಟಣದ ಬಳಿ ಶ್ರೀನಿವಾಸಪುರದ ಹೇಮಾವತಿ ಸಹಕಾರ ಸಕ್ಕರೆ ಕಾರ್ಖಾನೆ ಕೂಡ ಇದೇ ಜಾಲದ ಕೊಂಡಿಗಳು. ಕಾಮಗಾರಿಗಳ ಪಾತ್ರವೂ ದೊಡ್ಡದು. ರೇವಣ್ಣ ಹಲವು ಬಾರಿ ಲೋಕೋಪಯೋಗಿ ಸಚಿವರಾಗಿದ್ದರು. ರಸ್ತೆ, ಕಾಲೇಜು ಕಟ್ಟಡ, ಹಾಸನದ ವೈದ್ಯಕೀಯ ಕಾಲೇಜು ಪಕ್ಷದ ಪ್ರಚಾರದಲ್ಲಿ ಖಾಯಂ ಪಟ್ಟಿ. 

ಮೂರನೆಯದು ಜಾತಿ. ಒಕ್ಕಲಿಗರು ಈ ಭಾಗದ ಅತಿದೊಡ್ಡ ಭೂಹಿಡುವಳಿ ಸಮುದಾಯ. ಎಲ್ಲ ಪ್ರಮುಖ ಪಕ್ಷಗಳೂ ಇಲ್ಲಿ ಸಾಮಾನ್ಯವಾಗಿ ಒಕ್ಕಲಿಗ ಅಭ್ಯರ್ಥಿಯನ್ನೇ ನಿಲ್ಲಿಸುತ್ತವೆ. ಹಾಗಾಗಿ ಸಮುದಾಯದ ಹೆಸರೊಂದರಿಂದ ಫಲಿತಾಂಶ ವಿವರಿಸಲಾಗದು. ಟಿಕೆಟ್ ಹಂಚಿಕೆಯಲ್ಲಿ ದಾಸ ಒಕ್ಕಲಿಗ, ಮುಳ್ಳು ಒಕ್ಕಲಿಗ ಎಂಬ ಒಳಪಂಗಡದ ಲೆಕ್ಕ ಬರುತ್ತದೆ. ಒಕ್ಕಲಿಗ ಮತ ಅಭ್ಯರ್ಥಿಗಳ ನಡುವೆ ಹಂಚಿಹೋದಲ್ಲಿ ಪರಿಶಿಷ್ಟರು, ಕುರುಬರು, ಲಿಂಗಾಯತರು ಮತ್ತು ಮುಸ್ಲಿಮರ ಮತವೇ ಗೆಲುವನ್ನು ತೀರ್ಮಾನಿಸುತ್ತದೆ.

ಸ್ಥಳೀಯ ಸಂಸ್ಥೆಗಳು ಮತ್ತು ಮೇಲ್ಮನೆ

ವಿಧಾನಸಭೆಯ ಪ್ರಾಬಲ್ಯ ಸ್ಥಳೀಯ ಸಂಸ್ಥೆಗಳಿಗೂ ಇಳಿದಿತ್ತು. 2016ರ ಜಿಲ್ಲಾ ಪಂಚಾಯಿತಿ ಚುನಾವಣೆಯಲ್ಲಿ ಜೆಡಿಎಸ್ ಬಹುಮತ ಪಡೆಯಿತು. ಆದರೆ ಅಧ್ಯಕ್ಷಸ್ಥಾನ ಪರಿಶಿಷ್ಟ ಪಂಗಡದ ಮಹಿಳೆಗೆ ಮೀಸಲಾಯಿತು. ಆ ವರ್ಗದ ಸದಸ್ಯೆ ಬಹುಮತದ ಪಕ್ಷದಲ್ಲಿರಲಿಲ್ಲ, ಕಾಂಗ್ರೆಸ್ಸಿನಲ್ಲಿದ್ದರು. ಅಧ್ಯಕ್ಷೆ ಒಂದು ಪಕ್ಷದವರು, ಸಭೆಯ ಬಹುಮತ ಇನ್ನೊಂದು ಪಕ್ಷದ್ದು ಎಂಬ ಸ್ಥಿತಿ ಉಂಟಾಯಿತು. ಹಾಸನ ನಗರಸಭೆಯಲ್ಲಿಯೂ ಮುಂದೆ ಇಂಥದೇ ಮೀಸಲಾತಿಯಿಂದ ಅಧ್ಯಕ್ಷಸ್ಥಾನ ಬಿಜೆಪಿಗೆ ಹೋಯಿತು. ಸ್ಥಾನಗಳ ಎಣಿಕೆಯಲ್ಲಿ ಗೆದ್ದ ಪಕ್ಷಕ್ಕೂ ಪಟ್ಟ ಸಿಗದಂತೆ ಮಾಡಬಲ್ಲ ನಿಯಮಗಳಿವೆ ಎನ್ನಲು ಇವು ನಿದರ್ಶನ.

2021ರ ಡಿಸೆಂಬರ್‌ನಲ್ಲಿ ರೇವಣ್ಣನವರ ಹಿರಿಯ ಮಗ ಸೂರಜ್ ರೇವಣ್ಣ ಹಾಸನ ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ ವಿಧಾನ ಪರಿಷತ್ತಿಗೆ ಆಯ್ಕೆಯಾದರು. ರಾಜ್ಯಸಭೆಯಲ್ಲಿ ದೇವೇಗೌಡ, ಲೋಕಸಭೆಯಲ್ಲಿ ಪ್ರಜ್ವಲ್, ವಿಧಾನಸಭೆಯಲ್ಲಿ ರೇವಣ್ಣ ಮತ್ತು ಅವರ ತಮ್ಮ ಎಚ್.ಡಿ. ಕುಮಾರಸ್ವಾಮಿ ಇದ್ದುದರಿಂದ, ಸಂಸತ್ತಿನ ಎರಡು ಸದನಗಳಲ್ಲಿಯೂ ರಾಜ್ಯ ವಿಧಾನಮಂಡಲದ ಎರಡು ಸದನಗಳಲ್ಲಿಯೂ ಒಂದೇ ಕುಟುಂಬದ ಸದಸ್ಯರು ಏಕಕಾಲಕ್ಕೆ ಇದ್ದರು.

ಅಮೆರಿಕದೊಂದಿಗೆ ಹೋಲಿಕೆ

ಏಕಪಕ್ಷ ಪ್ರಾಬಲ್ಯದ ಅಧ್ಯಯನದಲ್ಲಿ ಹತ್ತೊಂಬತ್ತನೆಯ ಶತಮಾನದ ಆರಂಭದ ಅಮೆರಿಕವನ್ನು ಉದಾಹರಿಸುವುದುಂಟು. 1801ರಿಂದ 1825ರವರೆಗೆ ಜೆಫರ್ಸನ್, ಮ್ಯಾಡಿಸನ್, ಮನ್ರೊ, ಮೂವರೂ ವರ್ಜೀನಿಯದವರು, ಡೆಮಾಕ್ರಟಿಕ್-ರಿಪಬ್ಲಿಕನ್ ಪಕ್ಷದಿಂದ ಅಧ್ಯಕ್ಷರಾದರು. 1820ರಲ್ಲಿ ಮನ್ರೊ ಒಂದನ್ನು ಬಿಟ್ಟು ಚಲಾಯಿತ ಚುನಾಯಕರ ಮತಗಳೆಲ್ಲವನ್ನೂ ಪಡೆದರು. ಎದುರಾಳಿಯಾಗಿದ್ದ ಫೆಡರಲಿಸ್ಟ್ ಪಕ್ಷ ರಾಷ್ಟ್ರಮಟ್ಟದಲ್ಲಿ ಅಳಿದರೂ ಕೆಲವು ರಾಜ್ಯಗಳಲ್ಲಿ ಉಳಿಯಿತು. ಮ್ಯಾಸಚೂಸೆಟ್ಸ್‌ನಲ್ಲಿ ಆ ಪಕ್ಷದ ಜಾನ್ ಬ್ರೂಕ್ಸ್ 1823ರವರೆಗೆ ಗವರ್ನರ್ ಆಗಿದ್ದರು. ಪ್ರಬಲ ಪಕ್ಷವೂ ಎದುರಾಳಿಯಿಲ್ಲದೆ ಒಳಗಿನಿಂದ ಒಡೆಯಿತು. 1824ರಲ್ಲಿ ಅಧ್ಯಕ್ಷಸ್ಥಾನಕ್ಕೆ ಸೆಣಸಿದ ನಾಲ್ವರೂ ಅದೇ ಪಕ್ಷದವರು. ತೀರ್ಮಾನ ಪ್ರತಿನಿಧಿ ಸಭೆಯಲ್ಲಾಯಿತು.

ಹಾಸನಕ್ಕೆ ಹೆಚ್ಚು ಹತ್ತಿರವಾಗುವುದು ಫೆಡರಲಿಸ್ಟರ ಸ್ಥಿತಿ: ಹೊರಗೆ ಕುಗ್ಗಿದ ಪಕ್ಷ ತವರಿನಲ್ಲಿ ಮಾತ್ರ ಪ್ರಬಲ. ವ್ಯತ್ಯಾಸವೂ ಇದೆ. ಅಮೆರಿಕದಲ್ಲಿ ಆಗ ಮತದ ಹಕ್ಕು ಬಹುಮಟ್ಟಿಗೆ ಬಿಳಿಯ ಗಂಡಸರಿಗೆ ಸೀಮಿತವಾಗಿತ್ತು.  ಹಾಸನದ ಪ್ರಾಬಲ್ಯ ಸಾರ್ವತ್ರಿಕ ಮತಾಧಿಕಾರ ಮತ್ತು ಗುಪ್ತ ಮತದಾನದ ನಡುವೆಯೇ ಬೆಳೆದದ್ದು.

ಇಂದಿನ ಸ್ಥಿತಿ

2023ರ ಸೆಪ್ಟೆಂಬರ್ 1ರಂದು ಕರ್ನಾಟಕ ಹೈಕೋರ್ಟ್ ಆಸ್ತಿ ವಿವರ ಮುಚ್ಚಿಟ್ಟ ಕಾರಣಕ್ಕೆ ಪ್ರಜ್ವಲ್ ಅವರ 2019ರ ಆಯ್ಕೆಯನ್ನು ಅಸಿಂಧುಗೊಳಿಸಿತು. ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು. ಅದೇ ತಿಂಗಳು ಜೆಡಿಎಸ್ ಬಿಜೆಪಿ ನೇತೃತ್ವದ ರಾಷ್ಟ್ರೀಯ ಪ್ರಜಾಸತ್ತಾತ್ಮಕ ಒಕ್ಕೂಟ ಸೇರಿತು. ಹಾಸನ ನಗರದಲ್ಲಿ ವರ್ಷದ ಹಿಂದೆ ಎದುರುಬದುರಾಗಿ ನಿಂತಿದ್ದ ಎರಡೂ ಪಕ್ಷಗಳ ಕಾರ್ಯಕರ್ತರು 2024ರ ಲೋಕಸಭಾ ಚುನಾವಣೆಯಲ್ಲಿ ಒಬ್ಬನೇ ಅಭ್ಯರ್ಥಿ ಪ್ರಜ್ವಲ್‌ಗೆ ಮತ ಕೇಳಬೇಕಾಯಿತು. ಮತದಾನ ಏಪ್ರಿಲ್ 26ರಂದು ನಡೆಯಿತು. ಆ ದಿನಗಳಲ್ಲಿಯೇ ಪ್ರಜ್ವಲ್ ವಿರುದ್ಧ ಲೈಂಗಿಕ ದೌರ್ಜನ್ಯದ ಆರೋಪಗಳು ಹೊರಬಂದವು. ಪಕ್ಷ ಅವರನ್ನು ಅಮಾನತು ಮಾಡಿತು, ಮೇ 31ರಂದು ಅವರ ಬಂಧನವಾಯಿತು. 2025ರ ಆಗಸ್ಟ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಅತ್ಯಾಚಾರ ಪ್ರಕರಣವೊಂದರಲ್ಲಿ ಅವರಿಗೆ ಜೀವಾವಧಿ ಶಿಕ್ಷೆ ವಿಧಿಸಿತು.

ಆ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಶ್ರೇಯಸ್ ಪಟೇಲ್ 42,649 ಮತಗಳ ಅಂತರದಿಂದ ಗೆದ್ದರು. 1999ರಲ್ಲಿ ಅವರ ಅಜ್ಜ ಪುಟ್ಟಸ್ವಾಮಿಗೌಡ ಗೆದ್ದ ಮೇಲೆ ಹಾಸನ ಲೋಕಸಭಾ ಸ್ಥಾನ ಕಾಂಗ್ರೆಸ್ಸಿಗೆ ಬಂದದ್ದು ಇದೇ ಮೊದಲು. ಮಂಡ್ಯ ಮತ್ತು ಕೋಲಾರಗಳನ್ನು ಗೆದ್ದ ಜೆಡಿಎಸ್, ತಾನು ಸ್ಪರ್ಧಿಸಿದ ಮೂರು ಸ್ಥಾನಗಳಲ್ಲಿ ಕಳೆದುಕೊಂಡದ್ದು ಹಾಸನವೊಂದನ್ನೇ. ವಿಧಾನಸಭೆಯಲ್ಲಿ ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಶ್ರವಣಬೆಳಗೊಳದ ಸ್ಥಾನಗಳು 2023ರ ಫಲಿತಾಂಶದಂತೆ ಆ ಪಕ್ಷದ ಬಳಿ ಇವೆ.